ಐದು ಸ್ವರ ಕೊಟ್ಟರೂ ಮೋಹನ ಏಕೆ ಬರುವುದಿಲ್ಲ?

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಪದವಿ ಓದುತ್ತಿದ್ದೇನೆ. ಕರ್ನಾಟಕ ಸಂಗೀತವನ್ನು ವರ್ಣದವರೆಗೆ ಕಲಿತಿದ್ದೇನೆ, ಕೀಬೋರ್ಡ್ ಅಲ್ಪಸ್ವಲ್ಪ ನುಡಿಸುತ್ತೇನೆ. ಪರಿಚಯದವರ ಹೋಂಸ್ಟೇ ಒಂದರ ಕಿರುವಿಡಿಯೊಗೆ ಹಿನ್ನೆಲೆ ಸಂಗೀತ ಮಾಡಬೇಕಾಗಿದೆ. ಗೆಳತಿಯೊಬ್ಬಳ ಕವಿತೆಗೆ ರಾಗ ಸಂಯೋಜನೆಯನ್ನೂ ಮಾಡಬೇಕಾಗಿದೆ. ಎಫ್‌ಎಲ್ ಸ್ಟುಡಿಯೊ ಎಂಬ ಸಂಗೀತ ತಂತ್ರಾಂಶದಲ್ಲಿ ತಾನಾಗಿ ಸ್ವರಸಾಲು ಹುಟ್ಟಿಸುವ ರಿಫ್ ಮಷೀನ್ ಎಂಬ ಉಪಕರಣವಿದೆ. ಅದರಲ್ಲಿ ಮೋಹನ ರಾಗದ ಐದು ಸ್ವರಗಳನ್ನಷ್ಟೇ (ಸ ರಿ ಗ ಪ ದ) ಉಳಿಸಿಕೊಂಡು ಎಷ್ಟು ಸಲ ಪ್ರಯತ್ನಿಸಿದರೂ ಕೇಳಲು ಹಿತವಾದದ್ದೇನೋ ಬರುತ್ತದೆ, ಆದರೆ ಅದು ಮೋಹನ ಅನ್ನಿಸುವುದಿಲ್ಲ. ಕವಿತೆಯ ಸಾಲುಗಳೂ ಅದಕ್ಕೆ ಕೂರುವುದಿಲ್ಲ. ಹಣ ಕೊಟ್ಟು ಇನ್ನೂ ಒಳ್ಳೆಯ ತಂತ್ರಾಂಶ ಕೊಳ್ಳಬೇಕೆ? ಹೀಗೆ ಬಂದ ಟ್ಯೂನನ್ನು ನನ್ನದೆಂದು ಹೇಳಿಕೊಳ್ಳಬಹುದೆ?

ಉತ್ತರ: ವರ್ಣದವರೆಗೆ ಹಾಡಿ ಪಳಗಿದ ಕಿವಿ ‘ಇದು ಮೋಹನವಲ್ಲ’ ಎಂದು ಹೇಳುತ್ತಿದ್ದರೆ ಆ ಕಿವಿಯನ್ನೇ ನಂಬಿ. ಇನ್ನೊಂದು ತಂತ್ರಾಂಶ ಕೊಂಡು ತಂದರೂ ಈ ತೊಡಕು ಹೋಗುವುದಿಲ್ಲ, ಏಕೆಂದರೆ ಅದು ಹುಟ್ಟುತ್ತಿರುವುದು ನೀವು ಯಂತ್ರಕ್ಕೆ ವಹಿಸಿರುವ ಕೆಲಸದಿಂದ. ಸ್ವರಗಳ ಪಟ್ಟಿಯನ್ನಷ್ಟೇ ಕೊಟ್ಟರೆ ಅದೇ ಪಟ್ಟಿ ಬೇರೆ ಬೇರೆ ಕ್ರಮದಲ್ಲಿ ತಿರುಗಿ ಬರುತ್ತದೆ. ನೀವೇ ಹಾಡಿದ ಒಂದು ಸಂಚಾರವನ್ನು (ರಾಗದ ಚಿಕ್ಕ ಸ್ವರನಡೆಯನ್ನು) ಕೊಟ್ಟು, ಅದರಲ್ಲಿ ಏನನ್ನು ಬದಲಿಸಬಹುದು, ಏನನ್ನು ಮುಟ್ಟಬಾರದು ಎಂದು ಗೆರೆ ಎಳೆದಾಗ ಮಾತ್ರ ಕೆಲಸಕ್ಕೆ ಬರುವಂಥದ್ದು ಸಿಗುತ್ತದೆ.

ಮೊದಲು ರಿಫ್ ಮಷೀನ್ ಒಳಗೆ ಏನು ನಡೆಯುತ್ತದೆ ಎಂಬುದನ್ನು ನೋಡೋಣ. ಅದರಲ್ಲಿ ಎಂಟು ಹಂತಗಳಿವೆ. ಅದು ಮೊದಲು ಕಾರ್ಡ್‌ಗಳ (ಒಟ್ಟಿಗೆ ನುಡಿಯುವ ಸ್ವರಗುಂಪುಗಳ) ಒಂದು ಸಾಲನ್ನು ಹಾಕಿ, ಆ ಕಾರ್ಡ್‌ಗಳನ್ನು ಹರಡಿ, ಬಿಡಿ ಸ್ವರಗಳಾಗಿ ಒಡೆದು, ತಲೆಕೆಳಗು ಅಥವಾ ಹಿಂದುಮುಂದು ಮಾಡಿ, ಬಲವನ್ನೂ ಸ್ವರದ ಉದ್ದವನ್ನೂ ಹೆಚ್ಚುಕಡಿಮೆ ಮಾಡಿ, ನಡೆಗೆ ಒಂದಿಷ್ಟು ಓಲಾಟ ಸೇರಿಸಿ, ಕಟ್ಟಕಡೆಯ ಹಂತದಲ್ಲಿ ಎಲ್ಲವನ್ನೂ ನೀವು ಆರಿಸಿದ ಸ್ವರಶ್ರೇಣಿಯೊಳಗೆ ಕೂರಿಸುತ್ತದೆ. ಅಂದರೆ ಮೋಹನವೆಂಬ ನಿಮ್ಮ ಷರತ್ತು ಜಾರಿಗೆ ಬರುವುದು ಕೊನೆಯಲ್ಲಿ. ಅದಕ್ಕೆ ಮೊದಲೇ ಮಧ್ಯಮವಿರುವ ಕಾರ್ಡ್ ಬಂದಿರಬಹುದು, ನಿಷಾದವಿರುವ ಕಾರ್ಡ್ ಬಂದಿರಬಹುದು. ಆ ಸ್ವರಗಳನ್ನು ಕೊನೆಗೆ ಪಕ್ಕದ ಗಾಂಧಾರಕ್ಕೋ ಪಂಚಮಕ್ಕೋ ಷಡ್ಜಕ್ಕೋ ಸರಿಸಲಾಗುತ್ತದೆ. ಹೀಗೆ ಸರಿದು ಬಂದ ಗಾಂಧಾರಕ್ಕೆ ಹಿಂದಿನ ಸ್ವರದೊಡನೆಯಾಗಲಿ ಮುಂದಿನ ಸ್ವರದೊಡನೆಯಾಗಲಿ ರಾಗದ ಸಂಬಂಧವಿರುವುದಿಲ್ಲ. ನಿಮ್ಮ ಕಿವಿ ಗುರುತಿಸಿರುವುದು ಇದನ್ನೇ. ಮೋಹನದ ಐದು ಸ್ವರಗಳೊಳಗೆ ಪೂರ್ತಿಯಾಗಿ ಕೂರುವ ಮೂರು ಸ್ವರದ ಮೇಜರ್, ಮೈನರ್ ಕಾರ್ಡ್‌ಗಳು ಎರಡೇ: ಸ–ಗ–ಪ ಮತ್ತು ದ–ಸ–ಗ. ಆದ್ದರಿಂದ ಕಾರ್ಡ್ ಸಾಲಿನ ಹಂತವನ್ನು ಮುಚ್ಚಿಬಿಡಿ, ಇಲ್ಲವೇ ಈ ಎರಡಕ್ಕೇ ಸೀಮಿತಗೊಳಿಸಿ. ಕೆಳಗೆ ಬರೀ ಸ–ಪ ಶ್ರುತಿ ಹಿಡಿದರೂ ಹೋಂಸ್ಟೇ ವಿಡಿಯೊಗೆ ಧಾರಾಳವಾಗಿ ಸಾಕು.

ಯಂತ್ರವು ಸ್ವರಸಾಲುಗಳನ್ನು ಲೆಕ್ಕವಿಲ್ಲದಷ್ಟು ಕೊಡಬಲ್ಲದು ಎಂಬುದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ಐದು ಸ್ವರಗಳನ್ನು ಎಂಟು ಸ್ಥಾನಗಳಲ್ಲಿ ಇಡುವ ಬಗೆಗಳೇ 3,90,625 ಆಗುತ್ತವೆ. ಅಮೆರಿಕದ ವಕೀಲ ಡೇಮಿಯನ್ ರೀಲ್ ಮತ್ತು ಪ್ರೋಗ್ರಾಮರ್ ನೋವಾ ರೂಬಿನ್ ಎಂಬಿಬ್ಬರು ಎಂಟು ಸ್ವರಗಳನ್ನು ಹನ್ನೆರಡು ಸ್ಥಾನಗಳಲ್ಲಿ ಇಡಬಹುದಾದ ಅಷ್ಟೂ ಬಗೆಗಳನ್ನು, ಅಂದರೆ 6,800 ಕೋಟಿಗೂ ಹೆಚ್ಚು ಸಾಲುಗಳನ್ನು, ಕಂಪ್ಯೂಟರ್‌ನಿಂದ ಬರೆಯಿಸಿ ಸಾರ್ವಜನಿಕ ಬಳಕೆಗೆ ಬಿಟ್ಟರು. 2020ರಲ್ಲಿ ಅದು ದೊಡ್ಡ ಸುದ್ದಿಯಾಯಿತು. ಆ ರಾಶಿಯಲ್ಲಿ ಮೋಹನದ ಒಳ್ಳೆಯ ಸಂಚಾರಗಳೂ ಎಲ್ಲೋ ಇದ್ದೇ ಇವೆ. ಅವು ಯಾವುವೆಂದು ತೋರಿಸುವವರು ಬೇಕು, ಮತ್ತು ತೋರಿಸಲು ರಾಗ ಗೊತ್ತಿರಬೇಕು.

ರಾಗಕ್ಕೂ ಸ್ವರಪಟ್ಟಿಗೂ ಇರುವ ಅಂತರ ತಿಳಿಯಲು ಆರಭಿ ಮತ್ತು ದೇವಗಾಂಧಾರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಎರಡೂ 29ನೆಯ ಮೇಳ (ಮೂಲರಾಗ) ಧೀರಶಂಕರಾಭರಣದಿಂದ ಹುಟ್ಟಿದ ಜನ್ಯರಾಗಗಳು. ಎರಡಕ್ಕೂ ಆರೋಹಣ ಸ ರಿ ಮ ಪ ದ ಸ, ಅವರೋಹಣ ಸ ನಿ ದ ಪ ಮ ಗ ರಿ ಸ. ತಂತ್ರಾಂಶದಲ್ಲಿ ಸ್ವರಗಳನ್ನು ಮನೆಗಳಲ್ಲಿ ಇಟ್ಟು ತೋರಿಸುವ ಪಿಯಾನೋ ರೋಲ್‌ನಲ್ಲಿ ಈ ಎರಡಕ್ಕೂ ಎಳ್ಳಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಹಾಡಿದಾಗ ಮಾತ್ರ ಆರಭಿ ಚುರುಕಾಗಿ, ಸ್ವರಗಳನ್ನು ಸಪಾಟಾಗಿ ಮುಟ್ಟುತ್ತ ಹೋಗುತ್ತದೆ, ದೇವಗಾಂಧಾರಿ ನಿಧಾನವಾಗಿ, ಎಳೆದ ಗಮಕಗಳಲ್ಲಿ (ಸ್ವರವನ್ನು ತೂಗುವ, ಜಾರಿಸುವ ಬಗೆಗಳಲ್ಲಿ) ತೂಗುತ್ತ ಬರುತ್ತದೆ. ಹಿಂದೂಸ್ತಾನಿಯಲ್ಲಿಯೂ ನಮ್ಮ ಮೋಹನಕ್ಕೆ ಸಮನಾದ ಭೂಪ ಮತ್ತು ದೇಶಕಾರಗಳಿಗೆ ಇರುವುದು ಅವೇ ಐದು ಸ್ವರಗಳು. ಭೂಪದಲ್ಲಿ ಗಾಂಧಾರ ವಾದಿ (ಪ್ರಧಾನ ಸ್ವರ), ದೇಶಕಾರದಲ್ಲಿ ಧೈವತ ವಾದಿ. ಸ್ವರಶ್ರೇಣಿಯ ಬೀಗ ಹಾಕುವ ತಂತ್ರಾಂಶಗಳಿಗೆ ಈ ಭೇದವನ್ನು ಹೇಳಲು ಅವುಗಳಲ್ಲಿ ಜಾಗವೇ ಇರುವುದಿಲ್ಲ. ಬಿಲಹರಿಯಂಥ ರಾಗವಾದರೆ ತೊಂದರೆ ಇನ್ನೂ ಹೆಚ್ಚು: ಮಧ್ಯಮ, ನಿಷಾದಗಳು ಇಳಿಯುವಾಗ ಬರಬಹುದು, ಏರುವಾಗ ಬರಬಾರದು. ಏರಿಕೆಗೊಂದು, ಇಳಿಕೆಗೊಂದು ಪಟ್ಟಿ ಕೊಡುವ ಸೌಲಭ್ಯ ಸಾಮಾನ್ಯ ಪ್ಲಗ್‌ಇನ್‌ಗಳಲ್ಲಿ ಇಲ್ಲದಿರುವುದರಿಂದ, ಅಲ್ಲಿ ತಲೆಕೆಳಗು ಮಾಡುವ ಆಯ್ಕೆಯನ್ನು ಒತ್ತಿದೊಡನೆ ಇಳಿಯಬೇಕಾದ ನಿಷಾದ ಏರುತ್ತ ಬಂದು ರಾಗ ಕೆಡುತ್ತದೆ. ನೀವು ಮೋಹನವನ್ನು ಆರಿಸಿಕೊಂಡಿರುವುದು ಈ ದೃಷ್ಟಿಯಿಂದ ಒಳ್ಳೆಯದೇ ಆಯಿತು; ಅದರ ಏರಿಕೆ ಇಳಿಕೆ ಎರಡರಲ್ಲೂ ಅವೇ ಸ್ವರಗಳಿವೆ.

ಈಗ ಮಾಡುವ ಕ್ರಮ. ಕೀಬೋರ್ಡ್ ಮುಟ್ಟುವ ಮೊದಲು ಮೋಹನದ ಒಂದು ಆಲಾಪನೆಯನ್ನು ಕೂತು ಕೇಳಿ. ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಆರ್.ಕೆ. ಶ್ರೀಕಂಠನ್ ಅವರನ್ನೂ ರುದ್ರಪಟ್ಟಣಂ ಸೋದರರನ್ನೂ ಕೊಟ್ಟ ಊರು. ನಮ್ಮ ಭಾಗದವರಾದ ಇಂಥ ವಿದ್ವಾಂಸರ ಧ್ವನಿಮುದ್ರಿಕೆಗಳು ಸುಲಭವಾಗಿ ಸಿಗುತ್ತವೆ. ಕೇಳುತ್ತ ಪ್ರತಿಯೊಂದು ಸಂಚಾರ ಯಾವ ಸ್ವರದಲ್ಲಿ ಎದ್ದಿತು, ಎಲ್ಲಿ ನಿಂತಿತು ಎಂದು ಹಾಳೆಯ ಮೇಲೆ ಗುರುತು ಹಾಕಿಕೊಳ್ಳಿ. ಕೆಲವೇ ನಿಮಿಷಗಳಲ್ಲಿ ಗಾಂಧಾರ, ಪಂಚಮ, ಧೈವತಗಳ ಮೇಲಿನ ನಿಲುಗಡೆಗಳು ನಿಮ್ಮ ಹಾಳೆಯಲ್ಲಿ ಗುಂಪುಗೂಡುತ್ತವೆ. ಈ ಹಾಳೆಯೇ ಮುಂದೆ ನಿಮ್ಮ ಜರಡಿ.

ಆಮೇಲೆ ನಿಮ್ಮದೇ ಆದ ಒಂದು ಚಿಕ್ಕ ಸಂಚಾರವನ್ನು ತಂಬೂರಿ ಶ್ರುತಿಯೊಂದಿಗೆ ಹಾಡಿ ಮುದ್ರಿಸಿಕೊಳ್ಳಿ. ‘ಗ ಪ ದ ಸ ದ ಪ ಗ ರಿ’ ಎಂಬಷ್ಟು ಸರಳವಾಗಿದ್ದರೂ ಆಗುತ್ತದೆ. ಎಫ್‌ಎಲ್ ಸ್ಟುಡಿಯೊದ ಎಡಿಸನ್ ಎಂಬ ಧ್ವನಿಮುದ್ರಣ ಉಪಕರಣದಲ್ಲಿ ಹಾಡಿದ್ದನ್ನು ಸ್ವರಗಳಾಗಿ ಮಾರ್ಪಡಿಸಿ ಪಿಯಾನೋ ರೋಲ್‌ಗೆ ಇಳಿಸುವ ಸೌಲಭ್ಯವಿದೆ. ಏಬಲ್ಟನ್ ಲೈವ್ ಎಂಬ ಇನ್ನೊಂದು ತಂತ್ರಾಂಶದಲ್ಲೂ ಇಂಥದ್ದೇ ಇದೆ. ಇಳಿಸಿದಾಗ ಒಂದು ವಿಚಿತ್ರ ಕಾಣುತ್ತದೆ: ನೀವು ರಿಷಭದ ಮೇಲೆ ಕಂಪಿತ (ತೂಗುವ ಗಮಕ) ಹಾಕಿದ್ದರೆ ಅಲ್ಲಿ ಒಂದು ರಿಷಭದ ಬದಲು ರಿ–ಗ–ರಿ–ಗ ಎಂದು ನಾಲ್ಕಾರು ತುಂಡು ಸ್ವರಗಳು ಬಿದ್ದಿರುತ್ತವೆ. ಅವನ್ನೆಲ್ಲ ಅಳಿಸಿ ಒಂದೇ ಉದ್ದನೆಯ ರಿಷಭವನ್ನು ಇಡಿ. ಗಮಕವನ್ನು ಆಮೇಲೆ ಬೇರೆ ದಾರಿಯಿಂದ ಸೇರಿಸಬೇಕು. ಹೀಗೆ ಹಸನು ಮಾಡಿದ ಎಂಟು ಸ್ವರಗಳು ನಿಮ್ಮ ಬೀಜ. ಇನ್ನು ರಿಫ್ ಮಷೀನ್ ತೆರೆದು, ಇರುವ ಸ್ವರಗಳ ಮೇಲೆಯೇ ಕೆಲಸ ಮಾಡುವ ಆಯ್ಕೆಯನ್ನು ಹಾಕಿ, ಕಾರ್ಡ್ ಸಂಬಂಧದ ಹಂತಗಳನ್ನು ಮುಚ್ಚಿ, ಹಿಂದುಮುಂದು ಮಾಡುವುದು, ಸ್ವರದ ಉದ್ದ, ನಡೆ ಇವಿಷ್ಟನ್ನೇ ತೆರೆದಿಡಿ. ಬಂದ ಒಂದೊಂದನ್ನೂ ಒಂದೇ ಉಸಿರಿನಲ್ಲಿ ಹಾಡಿ ನೋಡಿ. ಹಾಡಲು ಬಾರದ್ದನ್ನು, ನಿಮ್ಮ ಹಾಳೆಯಲ್ಲಿಲ್ಲದ ಕಡೆ ಹೋಗಿ ನಿಲ್ಲುವುದನ್ನು ಬಿಟ್ಟುಬಿಡಿ. ಉಳಿದ ಒಂದೆರಡರಲ್ಲೂ ಪೂರ್ತಿ ಸಾಲನ್ನು ತೆಗೆದುಕೊಳ್ಳಬೇಕೆಂದಿಲ್ಲ; ನಡುವಿನ ನಾಲ್ಕು ಸ್ವರದ ಒಂದು ತಿರುವು ನೀವು ತಾನಾಗಿ ಯೋಚಿಸದ ಕಡೆಗೆ ಹೋಗಿದ್ದರೆ ಅದನ್ನಷ್ಟೇ ಎತ್ತಿಕೊಂಡು ಮುಂದಿನದನ್ನು ನೀವೇ ಹಾಡಿ ಮುಗಿಸಿ. ಈ ಬಗೆಯ ಉಪಕರಣಗಳಿಂದ ನಿಜವಾಗಿ ಆಗುವ ಲಾಭ ಇದು: ರೂಢಿಯ ಬೆರಳೋಟ ಹೋಗದ ಕಡೆಯಿಂದ ಅವು ಒಂದು ತುಣುಕನ್ನು ತಂದು ಮುಂದಿಡುತ್ತವೆ.

ಹೋಂಸ್ಟೇ ವಿಡಿಯೊದ ಮಟ್ಟಿಗೆ ಎರಡು ಬಾರ್‌ಗಳ (ತಾಳದ ಆವರ್ತದಂಥ ಅಳತೆಗಳ) ಒಂದು ರಿಫ್, ಅಂದರೆ ಮರಳಿ ಮರಳಿ ಬರುವ ಚಿಕ್ಕ ಸ್ವರಸಾಲು, ಸಾಕು. ಅದನ್ನು ಧೈರ್ಯವಾಗಿ ಮತ್ತೆ ಮತ್ತೆ ಬರಲು ಬಿಡಿ. ಹೊಸಬರು ಪ್ರತಿ ಬಾರ್‌ಗೂ ಹೊಸ ಸ್ವರಗಳನ್ನು ಹುಟ್ಟಿಸುತ್ತ ಹೋಗಿ ಕೇಳುಗರ ನೆನಪಿನಲ್ಲಿ ಏನೂ ನಿಲ್ಲದಂತೆ ಮಾಡುವುದುಂಟು. ನಿಮ್ಮ ಮಲೆನಾಡಿನಲ್ಲಿ ದೀಪಾವಳಿಗೆ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ–ಪಂಟಿಗೆಯವರ ಹಾಡನ್ನು ಕೇಳಿದ್ದೀರಿ ಎಂದುಕೊಳ್ಳುತ್ತೇನೆ. ಕೆಲವೇ ಸ್ವರಗಳ ಮಟ್ಟು, ಒಬ್ಬರು ಬಿಟ್ಟ ಸಾಲನ್ನು ಮತ್ತೊಬ್ಬರು ಎತ್ತಿಕೊಳ್ಳುವ ಕ್ರಮ. ಆ ಮರುಕಳಿಕೆಯಿಂದಲೇ ಹಾಡು ಮನೆಯವರ ಬಾಯಲ್ಲಿ ಉಳಿಯುತ್ತದೆ. ಎರಡು ಬಾರ್‌ನ ರಿಫ್ ಅನ್ನು ಕೊಳಲಿನಲ್ಲಿ ಒಮ್ಮೆ, ತಂತಿವಾದ್ಯದಲ್ಲಿ ಒಮ್ಮೆ, ಮೂರನೆಯ ಸಲ ಕೊನೆಯ ಎರಡು ಸ್ವರಗಳನ್ನಷ್ಟೇ ಬದಲಿಸಿ ಕೊಟ್ಟರೆ ಕಿರುವಿಡಿಯೊ ತುಂಬುತ್ತದೆ.

ಗಮಕದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ‘ಮೋಹನ ಅನ್ನಿಸುವುದಿಲ್ಲ’ ಎಂಬುದರ ಅರ್ಧ ಕಾರಣ ಇಲ್ಲಿದೆ. ವಾದ್ಯಗಳೂ ಕಂಪ್ಯೂಟರ್‌ಗಳೂ ಸ್ವರಗಳ ಮಾಹಿತಿಯನ್ನು ಹಂಚಿಕೊಳ್ಳಲು 1983ರಲ್ಲಿ ಬಳಕೆಗೆ ಬಂದ ಮಿಡಿ ಪದ್ಧತಿಯಲ್ಲಿ ಸ್ವರವೆಂದರೆ 0ರಿಂದ 127ರವರೆಗಿನ ಒಂದು ಸಂಖ್ಯೆ. ನಡುಸ್ಥಾಯಿಯ ಸಿ ಕೀಲಿಯನ್ನು ಷಡ್ಜವಾಗಿಟ್ಟುಕೊಂಡರೆ ಮೋಹನವು 60, 62, 64, 67, 69 ಆಗುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಈ ಸಂಖ್ಯೆಗಳು ಹೇಳುವುದಿಲ್ಲ. ಅದಕ್ಕಾಗಿ ಪಿಚ್ ಬೆಂಡ್ ಎಂಬ ಬೇರೆ ಸಂದೇಶವಿದೆ. ಅದರಲ್ಲಿ 16,384 ಮೆಟ್ಟಿಲುಗಳಿರುವುದರಿಂದ ನಯಕ್ಕೆ ಕೊರತೆಯಿಲ್ಲ. ಕೊರತೆ ಬರುವುದು ವ್ಯಾಪ್ತಿಯಲ್ಲಿ: ಹೆಚ್ಚಿನ ವಾದ್ಯಗಳಲ್ಲಿ ಅದು ಮೊದಲಿಗೆ ಮೇಲೆ ಎರಡು, ಕೆಳಗೆ ಎರಡು ಅರ್ಧಸ್ವರಗಳಿಗೆ ನಿಗದಿಯಾಗಿರುತ್ತದೆ. ಪಂಚಮದಿಂದ ತಾರಷಡ್ಜಕ್ಕೆ ಜಾರು ಎಳೆಯಲು ಐದು ಅರ್ಧಸ್ವರ ಬೇಕು. ಆದ್ದರಿಂದ ವಾದ್ಯದ ಒಳಗೆ ವ್ಯಾಪ್ತಿಯನ್ನು 12ಕ್ಕೆ ಏರಿಸಿಕೊಂಡು ಆಮೇಲೆ ಗೆರೆ ಎಳೆಯಿರಿ. ಪಿಚ್ ಬೆಂಡ್ ಒಂದು ಚಾನೆಲ್‌ನ ಎಲ್ಲ ಸ್ವರಗಳನ್ನೂ ಒಟ್ಟಿಗೆ ಎಳೆಯುವುದರಿಂದ ಕಾರ್ಡ್‌ಗಳನ್ನೂ ರಾಗದ ಸಾಲನ್ನೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿಡಿ. ಎಫ್‌ಎಲ್ ಸ್ಟುಡಿಯೊದ ಸ್ಲೈಡ್ ಸ್ವರಗಳು ಇನ್ನೂ ಸುಲಭ, ಆದರೆ ಅವು ಆ ಸಂಸ್ಥೆಯದೇ ವಾದ್ಯಗಳಲ್ಲಿ ಮಾತ್ರ ನಡೆಯುತ್ತವೆ. ಪ್ರತಿ ಸ್ವರಕ್ಕೂ ಗಮಕ ಬರೆಯಲು ಹೊರಡಬೇಡಿ. ರಿಷಭ, ಧೈವತಗಳ ಮೇಲೆ ಒಂದಿಷ್ಟು ಕಂಪನ, ಒಂದೋ ಎರಡೋ ಜಾರು, ಗಾಂಧಾರವನ್ನು ಸಮಾಧಾನವಾಗಿ ನಿಲ್ಲಿಸುವುದು. ಇಷ್ಟರಲ್ಲೇ ಮೋಹನ ಮುಖ ತೋರಿಸುತ್ತದೆ. ನಿಮ್ಮ ಪರಿಚಯದಲ್ಲಿ ಕೊಳಲೋ ಪಿಟೀಲೋ ನುಡಿಸುವವರಿದ್ದರೆ ಯಂತ್ರದಲ್ಲಿ ಸಿದ್ಧವಾದ ಸಾಲನ್ನು ಅವರ ಕೈಯಿಂದಲೇ ನುಡಿಸಿ ಮುದ್ರಿಸುವುದು ಎಲ್ಲಕ್ಕಿಂತ ಉತ್ತಮ ಎಂಬುದು ನನ್ನ ದೃಢ ಅಭಿಪ್ರಾಯ.

ಕವಿತೆಯ ತೊಡಕಿನ ಮೂಲ ಬೇರೆ. ನೀವು ಕವಿತೆಯನ್ನು ಕಳಿಸಿಲ್ಲವಾದ್ದರಿಂದ ಉದಾಹರಣೆಗೆ ಒಂದು ಸಾಲನ್ನು ನಾನೇ ಕಟ್ಟುತ್ತೇನೆ: ‘ಮಲೆಯ ಮೇಗಡೆ ಮುಗಿಲು ತೂಗಿತು’. ಮಲೆಯ ಮೂರು ಮಾತ್ರೆ, ಮೇಗಡೆ ನಾಲ್ಕು, ಮುಗಿಲು ಮೂರು, ತೂಗಿತು ನಾಲ್ಕು, ಒಟ್ಟು ಹದಿನಾಲ್ಕು. ಸ್ವರ ಹುಟ್ಟಿಸುವ ಉಪಕರಣಗಳು ಬೇರೇನೂ ಹೇಳದಿದ್ದರೆ ನಾಲ್ಕು ಎಣಿಕೆಯ ಬಾರ್ ಹಿಡಿದು ಹದಿನಾರು ಮನೆಗಳನ್ನು ತುಂಬುತ್ತವೆ. ಹದಿನಾಲ್ಕನ್ನು ಹದಿನಾರಕ್ಕೆ ಎಳೆದಾಗ ಎಲ್ಲೋ ಒಂದು ಲಘು ಹಿಗ್ಗುತ್ತದೆ, ಇನ್ನೆಲ್ಲೋ ಗುರು ಕುಗ್ಗುತ್ತದೆ, ಮತ್ತು ‘ಮೇಗಡೆ’ ಹಾಡುವವರ ಬಾಯಲ್ಲಿ ‘ಮೆಗಡೆ’ ಆಗುತ್ತದೆ. ಸಾಲುಗಳು ಕೂರುವುದಿಲ್ಲ ಎಂದು ನೀವು ಬರೆದಿರುವುದು ಇಂಥದ್ದನ್ನೇ ಇರಬೇಕು.

ಮೊದಲು ಗೆಳತಿಯ ಕವಿತೆಗೆ ಪ್ರಸ್ತಾರ ಹಾಕಿ. ಮೂರು–ನಾಲ್ಕರ ನಡೆಯಾದರೆ, ಅಂದರೆ ಭಾಮಿನಿಯ ಧಾಟಿಯಾದರೆ, ಪ್ರಾಜೆಕ್ಟಿನ ಅಳತೆಯನ್ನು 7/8ಕ್ಕೆ ಬದಲಿಸಿ ಒಂದು ಮಾತ್ರೆಗೆ ಒಂದು ಮನೆ ಕೊಡಿ. ಏಳು ಎಣಿಕೆಯ ಮಿಶ್ರಛಾಪು ತಾಳ ತಾನಾಗಿ ಬರುತ್ತದೆ. ಐದರ ನಡೆಯಾದರೆ 5/8. ಕಡೂರು ತಾಲ್ಲೂಕಿನ ದೇವನೂರಿನವನೆಂದು ನಿಮ್ಮ ಜಿಲ್ಲೆ ಹೆಮ್ಮೆಪಡುವ ಲಕ್ಷ್ಮೀಶನ ಜೈಮಿನಿ ಭಾರತ ನಡೆಯುವುದು ಈ ಐದು ಮಾತ್ರೆಯ ವಾರ್ಧಕ ಷಟ್ಪದಿಯಲ್ಲಿ. ಗಮಕಿಗಳು ವಾಚಿಸುವುದನ್ನು ಕೇಳಿದರೆ ಮಾತ್ರೆ ಕೆಡದೆ ರಾಗ ಹೇಗೆ ಹರಿಯುತ್ತದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಪಾಠ ಇಲ್ಲ. ಆಮೇಲೆ ಕವಿತೆಯ ಪ್ರತಿ ಅಕ್ಷರವನ್ನೂ ಒಂದೇ ಷಡ್ಜದ ಮೇಲೆ, ಲಘುವಿಗೆ ಒಂದು ಮನೆ, ಗುರುವಿಗೆ ಎರಡು ಮನೆಯಂತೆ ಪಿಯಾನೋ ರೋಲ್‌ನಲ್ಲಿ ಇಟ್ಟುಬಿಡಿ. ಈಗ ಕಾಲ ನಿಶ್ಚಯವಾಯಿತು. ಯಂತ್ರಕ್ಕೆ ಸ್ವರಸ್ಥಾನವನ್ನು ಮಾತ್ರ ಬದಲಿಸುವ ಅಧಿಕಾರ ಕೊಡಿ. ಏಬಲ್ಟನ್ ಲೈವ್‌ನಲ್ಲಿ ರ್‍ಯಾಂಡಮ್ ಮತ್ತು ಸ್ಕೇಲ್ ಎಂಬ ಎರಡು ಮಿಡಿ ಸಾಧನಗಳನ್ನು ಒಂದರ ಮುಂದೊಂದು ಇಟ್ಟರೆ ಇದಾಗುತ್ತದೆ. ಲಾಜಿಕ್ ಪ್ರೊದಲ್ಲಿ ರ್‍ಯಾಂಡಮೈಜರ್ ಮತ್ತು ಟ್ರಾನ್ಸ್‌ಪೋಸರ್‌ಗಳಿಂದ ಆಗುತ್ತದೆ. ನಿಮ್ಮಲ್ಲಿರುವ ತಂತ್ರಾಂಶದಲ್ಲಾದರೆ ಕೈಯಿಂದಲೇ ಸ್ವರಗಳನ್ನು ಮೇಲೆ ಕೆಳಗೆ ಸರಿಸಿ ನೋಡಿ. ನಾಲ್ಕು ಸಾಲಿನ ಪಲ್ಲವಿಗೆ ಅದೇನೂ ದೊಡ್ಡ ಶ್ರಮವಲ್ಲ.

ತಾಳದ ಪೆಟ್ಟುಗಳನ್ನು ಹಂಚಲು ಯೂಕ್ಲಿಡಿಯನ್ ಎಂಬ ಹೆಸರಿನ ಉಪಕರಣಗಳು ಒಳ್ಳೆಯ ಸಹಾಯ ಮಾಡುತ್ತವೆ. ಇಷ್ಟು ಮನೆಗಳಲ್ಲಿ ಇಷ್ಟು ಪೆಟ್ಟುಗಳನ್ನು ಆದಷ್ಟು ಸಮನಾಗಿ ಹರಡುವುದು ಅವುಗಳ ಕೆಲಸ. ಈ ಲೆಕ್ಕದಿಂದ ಲೋಕದ ಅನೇಕ ಸಾಂಪ್ರದಾಯಿಕ ಲಯಗಳು ಹುಟ್ಟುತ್ತವೆ ಎಂದು ಗಣಕ ವಿಜ್ಞಾನಿ ಗಾಡ್‌ಫ್ರೈಡ್ ಟುಸ್ಸೆಂಟ್ 2005ರಲ್ಲಿ ತೋರಿಸಿದರು. ಏಳು ಮನೆಗೆ ಮೂರು ಪೆಟ್ಟು ಕೊಟ್ಟು, ಬಂದ 2+2+3ರ ಆರಂಭವನ್ನು ಕೊನೆಯ ಪೆಟ್ಟಿಗೆ ಸರಿಸಿದರೆ 3+2+2, ಅಂದರೆ ನಮ್ಮ ತಕಿಟ ತಕ ದಿಮಿ ಬರುತ್ತದೆ. ಐದಕ್ಕೆ ಎರಡು ಕೊಟ್ಟರೆ 2+3, ಖಂಡಛಾಪುವಿನ ತಕ ತಕಿಟ. ಸ್ವರಗಳ ವಿಷಯದಲ್ಲಿ ಎಡವುವ ಯಂತ್ರ ಲಯದ ವಿಷಯದಲ್ಲಿ ನಮ್ಮ ಸಂಪ್ರದಾಯಕ್ಕೆ ಇಷ್ಟು ಹತ್ತಿರ ಬರುವುದು ನನಗೆ ಬಹಳ ಸಂತೋಷದ ಸಂಗತಿ.

ಕೃತಕ ಬುದ್ಧಿಮತ್ತೆಯ ಉಪಕರಣಗಳ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೂ ಕೊಳ್ಳುವ ಪ್ರಶ್ನೆಯೊಳಗೆ ಅದು ಸೇರಿದೆ. ಒಂದು ಸ್ವರದ ನಂತರ ಯಾವುದು ಬರುವ ಸಂಭವ ಎಷ್ಟು ಎಂಬ ಪಟ್ಟಿಯಿಟ್ಟುಕೊಂಡು ಸಾಲು ಬೆಳೆಸುವ ಉಪಾಯ ಹಳೆಯದು. 1957ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹಿಲ್ಲರ್ ಮತ್ತು ಐಸಾಕ್ಸನ್ ಕಂಪ್ಯೂಟರ್‌ನಿಂದ ರಚಿಸಿದ ತಂತಿವಾದ್ಯಗಳ ಕೃತಿಯ ಒಂದು ಭಾಗದಲ್ಲಿ ಅದನ್ನು ಬಳಸಿದ್ದರು. ಗೂಗಲ್‌ನ ಮಜೆಂಟಾ ಯೋಜನೆಯಿಂದ ಬಂದ ಉಚಿತ ಮಜೆಂಟಾ ಸ್ಟುಡಿಯೊ ನೀವು ಕೊಟ್ಟ ಸಾಲನ್ನು ಮುಂದುವರಿಸಿ ಕೊಡುತ್ತದೆ. ಇಂಥವು ಕಲಿತಿರುವುದು ಬಹುಪಾಲು ಪಾಶ್ಚಾತ್ಯ ಸಂಗೀತದ ಮಿಡಿ ಕಡತಗಳಿಂದ. ಹಾಗಾಗಿ ಮೋಹನದ ಸಾಲು ಕೊಟ್ಟರೂ ಸ್ವಲ್ಪ ದೂರ ಹೋದಮೇಲೆ ಅವು ಮಧ್ಯಮವನ್ನೋ ನಿಷಾದವನ್ನೋ ಸೇರಿಸಬಹುದು. ಒಂದೆರಡು ಬಾರ್ ಮಾತ್ರ ತೆಗೆದುಕೊಳ್ಳಿ. ಮಾತಿನಲ್ಲಿ ವಿವರಿಸಿದರೆ ಇಡೀ ಹಾಡನ್ನೇ ಧ್ವನಿಯಾಗಿ ಕೊಡುವ ಸುನೋ, ಯುಡಿಯೊಗಳನ್ನು ಈ ಕೆಲಸಕ್ಕೆ ನಾನು ಸೂಚಿಸುವುದಿಲ್ಲ: ಅಲ್ಲಿ ಸ್ವರವೊಂದನ್ನು ಹಿಡಿದು ತಿದ್ದುವುದು ಕಷ್ಟ, ಮತ್ತು ತರಬೇತಿಗೆ ಹಾಡುಗಳನ್ನು ಅನುಮತಿಯಿಲ್ಲದೆ ಬಳಸಿದ್ದಾರೆಂದು ದೊಡ್ಡ ಧ್ವನಿಮುದ್ರಣ ಸಂಸ್ಥೆಗಳು 2024ರ ಜೂನ್‌ನಲ್ಲಿ ಇವೆರಡರ ಮೇಲೂ ಮೊಕದ್ದಮೆ ಹೂಡಿದವು. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಕೀಬೋರ್ಡ್ ಕೊಂಡಾಗ ಅದರೊಡನೆ ಲೈವ್‌ನ ಲೈಟ್ ಆವೃತ್ತಿ ಬಂದಿದೆಯೇ ನೋಡಿ. ಅನೇಕ ಕೀಬೋರ್ಡ್‌ಗಳ ಜೊತೆ ಅದು ಉಚಿತವಾಗಿ ಬರುತ್ತದೆ. ಎಫ್‌ಎಲ್ ಸ್ಟುಡಿಯೊದ ಪ್ರಾಯೋಗಿಕ ಆವೃತ್ತಿಯನ್ನು ಬಳಸುತ್ತಿದ್ದರೆ ಉಳಿಸಿದ ಪ್ರಾಜೆಕ್ಟನ್ನು ಮತ್ತೆ ತೆರೆಯಲು ಆಗುವುದಿಲ್ಲ, ಹಾಗಾಗಿ ಹಣ ಖರ್ಚು ಮಾಡುವುದೇ ಆದರೆ ಮೊದಲು ಅದರ ಪರವಾನಗಿಗೆ ಮಾಡಿ.

ಇನ್ನು ಹಕ್ಕಿನ ಪ್ರಶ್ನೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಕಂಪ್ಯೂಟರ್‌ನಿಂದ ಸೃಷ್ಟಿಯಾದ ಸಂಗೀತ ಕೃತಿಗೆ ಅದನ್ನು ಸೃಷ್ಟಿಯಾಗುವಂತೆ ಮಾಡಿದ ವ್ಯಕ್ತಿಯೇ ಕರ್ತೃ. ಆದರೆ ಕೃತಿ ಸ್ವಂತದ್ದೆನಿಸಿಕೊಳ್ಳಲು ಕೌಶಲ, ವಿವೇಚನೆ ಮತ್ತು ಒಂದಿಷ್ಟಾದರೂ ಸೃಜನಶೀಲತೆ ಅದರಲ್ಲಿರಬೇಕು ಎಂಬ ಅರ್ಥದ ತೀರ್ಪನ್ನು ಸುಪ್ರೀಂ ಕೋರ್ಟ್ 2007ರಲ್ಲಿ ಕೊಟ್ಟಿದೆ. ಬರೀ ಸೂಚನೆ ಬರೆದು ಪಡೆದ ಕೃತಿಗೆ ಕರ್ತೃತ್ವ ದೊರೆಯದು ಎಂದು ಅಮೆರಿಕದ ಕೃತಿಸ್ವಾಮ್ಯ ಕಚೇರಿ 2025ರ ಜನವರಿಯಲ್ಲಿ ಹೇಳಿತು. ಆದ್ದರಿಂದ ಗುಂಡಿ ಒತ್ತಿದೊಡನೆ ಬಂದದ್ದನ್ನು ಹಾಗೆಯೇ ಬಳಸಿದರೆ ನಿಮ್ಮ ಹಕ್ಕಿನ ನೆಲೆ ದುರ್ಬಲ. ನೀವು ಹಾಡಿದ ಬೀಜದಿಂದ ಹೊರಟು, ಆರಿಸಿ, ತಿದ್ದಿ, ಗಮಕ ಸೇರಿಸಿ ಕಟ್ಟಿದ್ದಾದರೆ ಅದನ್ನು ನಿಮ್ಮ ಸಂಯೋಜನೆ ಎಂದು ನಿಸ್ಸಂಕೋಚವಾಗಿ ಹೇಳಬಹುದು. ಮೋಹನ ಯಾರ ಸ್ವತ್ತೂ ಅಲ್ಲ. ಸಿದ್ಧ ಲೂಪ್‌ಗಳನ್ನು (ಮೊದಲೇ ಮಾಡಿಟ್ಟ ಸಂಗೀತದ ತುಣುಕುಗಳನ್ನು) ಸೇರಿಸಿದರೆ ಮಾತ್ರ ಎಚ್ಚರ ಬೇಕು: ಅದೇ ಲೂಪ್ ಬಳಸಿದ ಬೇರೆ ಹಾಡಿನೊಂದಿಗೆ ಹೋಲಿಕೆ ಸಿಕ್ಕಿ ಯೂಟ್ಯೂಬ್‌ನಲ್ಲಿ ನಿಮ್ಮ ವಿಡಿಯೊ ಮೇಲೆ ಹಕ್ಕುಸಾಧನೆ ಬರಬಹುದು.

ಕವಿತೆಯ ಹಕ್ಕು ಗೆಳತಿಯದು. ಸ್ನೇಹವಿದ್ದರೂ ಹಾಡಾಗಿ ಪ್ರಕಟಿಸಲು ಆಕೆಯಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ನೀವು ಮೊದಲು ಹಾಡಿ ಮುದ್ರಿಸಿದ ಧ್ವನಿ, ಯಂತ್ರ ಕೊಟ್ಟ ಮೂಲ ಮಿಡಿ, ನೀವು ತಿದ್ದಿದ ಮಿಡಿ ಈ ಮೂರನ್ನೂ ದಿನಾಂಕದೊಂದಿಗೆ ಬೇರೆ ಬೇರೆ ಕಡತಗಳಾಗಿ ಉಳಿಸಿಕೊಳ್ಳಿ. ಹೋಂಸ್ಟೇಯವರಿಗೆ ಸಂಗೀತ ಒಪ್ಪಿಸುವಾಗ, ಆ ಒಂದು ವಿಡಿಯೊಗೆ ಮಾತ್ರ ಬಳಕೆಯ ಅನುಮತಿ ಕೊಡುತ್ತಿದ್ದೀರೋ, ಸಂಗೀತವನ್ನೇ ಅವರಿಗೆ ಬಿಟ್ಟುಕೊಡುತ್ತಿದ್ದೀರೋ ಎಂಬುದನ್ನು ಒಂದು ಸಾಲಿನಲ್ಲಾದರೂ ಬರೆದು ಇಬ್ಬರೂ ಸಹಿ ಹಾಕಿ.